ಸ್ಮೂದಿ ರಾಯರು

ಬೆಳಗ್ಗೆ ಆರೂವರೆಗೆ ಪಕ್ಕದ ಮನೆಯಿಂದ ಮಿಕ್ಸಿ ಸದ್ದು ಕೇಳಿದರೆ ಅದು ಚಟ್ನಿಯೇ ಎಂದು ತೀರ್ಮಾನಿಸಬೇಡಿ. ಚಟ್ನಿಯ ಸದ್ದಿಗೊಂದು ಶಿಸ್ತಿದೆ. ಎರಡು ಸಲ ಗುರ್ ಎನ್ನುತ್ತದೆ, ಮುಚ್ಚಳ ತೆಗೆದು ಕೆದಕಿದ ಸದ್ದಾಗುತ್ತದೆ, ಇನ್ನೊಮ್ಮೆ ಗುರ್ ಎಂದು ಮುಗಿಯುತ್ತದೆ. ಇದು ಹಾಗಲ್ಲ. ಒಂದೇ ಸಮನೆ ಅರಚಿಕೊಂಡು, ಇದ್ದಕ್ಕಿದ್ದಂತೆ ಸುಮ್ಮನಾಗುತ್ತದೆ. ಆಮೇಲೆ ಗಂಡುದನಿ: "ಇವಳೇ, ಮಿಕ್ಸಿ ಕೆಟ್ಟೋಯ್ತು ಬಾರೇ!" ಒಳಗಿನಿಂದ ಹೆಣ್ಣುದನಿ: "ಕೆಟ್ಟಿಲ್ಲ ರೀ, ಬಿಸಿಯಾಗಿದೆ. ತಲೆಕೆಳಗು ಮಾಡಿ, ಅಡೀಲಿ ಕೆಂಪು ಬಟನ್ ಇದೆ, ಒತ್ತಿ." ಜಾರು ತೆಗೆದಿಟ್ಟು ಆಮೇಲೆ ತಲೆಕೆಳಗು ಮಾಡಿ ಎಂಬ ಮಾತು ಅರೆಗಳಿಗೆ ತಡವಾಗಿ ಬರುತ್ತದೆ.

ಅವರೇ ಸ್ಮೂದಿ ರಾಯರು. ಬೆಂಗಳೂರಿನ ಜಯನಗರದಲ್ಲೂ ಇದ್ದಾರೆ, ಮೈಸೂರಿನ ಕುವೆಂಪುನಗರದಲ್ಲೂ ಇದ್ದಾರೆ, ಹುಬ್ಬಳ್ಳಿಯ ವಿದ್ಯಾನಗರದಲ್ಲೂ ಸಿಗುತ್ತಾರೆ. ಬ್ಯಾಂಕೋ ವಿಮೆಯೋ ಕಾರ್ಖಾನೆಯೋ, ಯಾವುದರಿಂದಲೋ ನಿವೃತ್ತರಾದವರು. ಸರ್ವಿಸ್ ಇದ್ದಷ್ಟು ಕಾಲ ನೀರು ಕುಡಿಯುವುದಕ್ಕೆ ಬಿಟ್ಟರೆ ಅಡುಗೆಮನೆಗೆ ಕಾಲಿಟ್ಟವರಲ್ಲ. ಒಂದು ದಿನ ಲ್ಯಾಬಿನವರು ಎಚ್‌ಬಿಎ1ಸಿ 6.1 ಎಂದು ಬರೆದುಕೊಟ್ಟರು. ಡಾಕ್ಟರು ಚೀಟಿ ನೋಡಿ, ಇದು ಸಕ್ಕರೆ ಕಾಯಿಲೆಯ ಹೊಸ್ತಿಲು, ನಡೆಯಿರಿ, ಅನ್ನ ಕಡಿಮೆ ಮಾಡಿ, ತರಕಾರಿ ಹಣ್ಣು ತಿನ್ನಿ ಎಂದರು. ನಡೆಯುವುದು ಬೇಸರ, ಅನ್ನ ಬಿಡುವುದು ಕಷ್ಟ. ಹಣ್ಣೊಂದು ಉಳಿಯಿತು. ಅದನ್ನು ಅಗಿಯುವ ಶ್ರಮ ತಪ್ಪಿಸಲು ಮಿಕ್ಸಿ ಇತ್ತು.

ಖರೀದಿಯೇ ಒಂದು ಸಮಾರಂಭ. ಹಾಪ್‌ಕಾಮ್ಸ್ ಮಳಿಗೆಯ ಹುಡುಗನಿಗೆ ರಾಯರನ್ನು ದೂರದಿಂದ ಕಂಡರೇ ತಕ್ಕಡಿಯ ಹಿಂದೆ ಏನೋ ಹುಡುಕುವ ಕೆಲಸ ಬರುತ್ತದೆ. ಏಲಕ್ಕಿ ಬಾಳೆಯ ಚಿಪ್ಪನ್ನು ಬೆಳಕಿಗೆ ಹಿಡಿದು "ಕಾರ್ಬೈಡ್ ಹಾಕಿದ್ದಲ್ಲ ತಾನೇ?" ಎಂದು ವಿಚಾರಣೆ. ಪಪ್ಪಾಯಕ್ಕೆ ಬೆರಳೊತ್ತು, ಸಪೋಟಕ್ಕೆ ಉಗುರು. ಕೊಡಗಿನ ಕಾಫಿ ತೋಟಗಳಲ್ಲಿ ಬೆಳೆಯುವ ಬೆಣ್ಣೆಹಣ್ಣಿನ ಬೆಲೆ ಕೇಳಿ ಒಂದು ನಿಮಿಷ ಮೌನ. ಚಿಯಾ ಬೀಜವನ್ನು ಮಾತ್ರ ರಾಯರು ದುಬಾರಿ ಎನ್ನುವುದಿಲ್ಲ. ಮೆಕ್ಸಿಕೋದ ಕಡೆಯ ಬೆಳೆ ಎನ್ನುವ ಗೌರವ. ಅದೇ ಬೀಜವನ್ನು ನಮ್ಮ ಹೆಗ್ಗಡದೇವನಕೋಟೆಯ ರೈತರೂ ಬೆಳೆಯುತ್ತಾರೆ, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅದಕ್ಕೆ ಉತ್ತೇಜನ ಕೊಟ್ಟಿತು ಎಂದು ಯಾರೋ ಹೇಳಿದಾಗ ರಾಯರ ಮುಖ ಸ್ವಲ್ಪ ಸಣ್ಣದಾಯಿತು.

ಇನ್ನು ಪಾಕ ಪ್ರವೀಣತೆ. ರಾಯರು ಸಕ್ಕರೆ ಮುಟ್ಟುವುದಿಲ್ಲ. ಆದ್ದರಿಂದ ಜೇನುತುಪ್ಪ ಎರಡು ಚಮಚ, ನೆನೆಸಿದ ಖರ್ಜೂರ ನಾಲ್ಕು, ಕಬ್ಬಿಣಾಂಶಕ್ಕೆಂದು ಒಂದು ತುಣುಕು ಬೆಲ್ಲ. ಮೂರು ಬಾಳೆಹಣ್ಣು, ಎರಡು ಸಪೋಟ, ಬಾದಾಮಿ ಮಾವಿನ ಕಾಲವಾದರೆ ಅದೂ ಒಂದು. ಎಲ್ಲವನ್ನೂ ಅರೆದು ನುಣ್ಣಗೆ ಬರಲಿಲ್ಲವೆಂದು ಟೀ ಸೋಸುವ ಜರಡಿಯಲ್ಲಿ ಸೋಸಿ, ನಾರನ್ನೆಲ್ಲ ತುಳಸಿ ಗಿಡಕ್ಕೆ ಹಾಕುತ್ತಾರೆ. ಆಮೇಲೆ ನಾರಿನಂಶ ಬೇಕಲ್ಲ ಎಂದು ಲೋಟಕ್ಕೆ ಇಸಬ್ಗೋಲ್ ಬೆರೆಸುತ್ತಾರೆ. ತುಳಸಿಗೆ ಮಲಬದ್ಧತೆ ಇಲ್ಲ, ಇರುವೆ ಇವೆ.

ಮಲ್ಲೇಶ್ವರದ ಈಟ್ ರಾಜಾ ಎಂಬ ಜ್ಯೂಸ್ ಅಂಗಡಿಯಲ್ಲಿ ಹಣ್ಣಿನ ಚಿಪ್ಪನ್ನೇ ಲೋಟ ಮಾಡಿ ಜ್ಯೂಸ್ ಕೊಡುತ್ತಾರೆಂದು ತಿಳಿದ ಮೇಲೆ ಕೆಲವು ದಿನ ರಾಯರೂ ಕಲ್ಲಂಗಡಿ ಬುರುಡೆಯಲ್ಲಿ ಕುಡಿದರು. ಜುಬ್ಬಾ ತೊಳೆಯುವವರು ಆಕ್ಷೇಪಿಸಿದ್ದರಿಂದ ಅದು ನಿಂತಿತು.

ಪಪ್ಪಾಯದ ಪ್ರಕರಣ ಮಾತ್ರ ಬಡಾವಣೆಗೆಲ್ಲ ಗೊತ್ತು. ಪಪ್ಪಾಯಕ್ಕೆ ಹಾಲು ಹಾಕಿ ಅರೆದು, ಜಾರನ್ನು ಹಾಗೇ ಬಿಟ್ಟು ಪಾರ್ಕಿಗೆ ಹೋದರು. ಬಂದು ಒಂದು ಗುಟುಕು ಕುಡಿದವರೇ ಹಾಲಿನವನಿಗೆ ಫೋನು ಮಾಡಿ ಜಗಳಕ್ಕೆ ನಿಂತರು. ಹಾಗಲಕಾಯಿಯಷ್ಟು ಕಹಿ! ಹೆಂಡತಿ ಒಗ್ಗರಣೆ ಸೌಟು ಹಿಡಿದುಕೊಂಡೇ ಬಂದು ಹೇಳಿದರು: "ಹಾಲಿನವನನ್ನ ಯಾಕ್ರೀ ಬೈತೀರ? ಪಪ್ಪಾಯಕ್ಕೆ ಹಾಲು ಹಾಕಿ ಇಟ್ಟರೆ ಕಹಿ ಬರತ್ತೆ. ಅನಾನಸ್ಸಿಗೂ ಅಷ್ಟೆ. ಮಾಡಿದ ತಕ್ಷಣ ಕುಡೀಬೇಕು, ಇಲ್ಲ ಬರೀ ನೀರು ಹಾಕಬೇಕು." ರಾಯರು ಒಪ್ಪಲಿಲ್ಲ. ಫೋನಿನಲ್ಲಿ ಹುಡುಕಿದರು. ಪಪ್ಪಾಯದಲ್ಲಿ ಪಪೈನ್, ಅನಾನಸ್ಸಿನಲ್ಲಿ ಬ್ರೊಮೆಲಿನ್ ಎಂಬ ಕಿಣ್ವಗಳಿವೆ, ಅವು ಹಾಲಿನ ಪ್ರೋಟೀನನ್ನು ಒಡೆದು ಕಹಿ ತುಣುಕು ಮಾಡುತ್ತವೆ ಎಂದಿತ್ತು. ಅದೇ ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ರಾಯರ ಉಪನ್ಯಾಸ: "ಈ ಹೆಂಗಸರಿಗೆ ಪಪೈನ್ ಅಂದ್ರೇನು ಅಂತ ಗೊತ್ತಿಲ್ಲ ಸ್ವಾಮಿ, ಹಾಲು ಸುರಿದುಬಿಡ್ತಾರೆ!"

ಉಪನ್ಯಾಸವೇ ಅವರ ನಿಜವಾದ ಉಪಾಹಾರ ಎಂದು ನನ್ನ ಗುಮಾನಿ. ಆಫೀಸಿನಲ್ಲಿ ಹತ್ತು ಜನ ಎದ್ದು ನಿಂತು ಕೇಳುತ್ತಿದ್ದರು. ಮನೆಯಲ್ಲಿ ಕೇಳುವವರು ಯಾರು? ಲೋಟ ಕೈಯಲ್ಲಿದ್ದರೆ ಯಾರಾದರೊಬ್ಬರು "ಏನ್ಸಾರ್ ಅದು, ಹಸಿರಾಗಿದೆ?" ಎಂದು ಕೇಳಿಯೇ ಕೇಳುತ್ತಾರೆ.

ಮಗಳು ಒಮ್ಮೆ ಪೂನಾದಿಂದ ಬಂದಾಗ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯನ್ನು ಅಪ್ಪನ ಮುಂದಿಟ್ಟಳು. ದಿನಕ್ಕೆ ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ. ಸೋಸಿದ ಹಣ್ಣಿನ ರಸದ ಸಕ್ಕರೆಯನ್ನು ವಿಶ್ವ ಆರೋಗ್ಯ ಸಂಸ್ಥೆ ನಾವು ಡಬ್ಬಿಯಿಂದ ಹಾಕಿಕೊಳ್ಳುವ ಸಕ್ಕರೆಯ ಲೆಕ್ಕಕ್ಕೇ ಸೇರಿಸುತ್ತದೆ ಎಂದೂ ತೋರಿಸಿದಳು. "ಅಪ್ಪಾ, ನಿಮ್ಮ ಒಂದು ಲೋಟದಲ್ಲಿ ನಾಲ್ಕು ದಿನದ ಹಣ್ಣಿದೆ." ರಾಯರು ಕನ್ನಡಕ ಹಾಕಿಕೊಂಡು ಕೂಲಂಕಷವಾಗಿ ಓದಿ ಹೇಳಿದರು: "ನೋಡಿದ್ಯಾ, ಹಣ್ಣು ತಿನ್ನಬೇಕು ಅಂತ ಸರ್ಕಾರದವರೇ ಬರೆದಿದ್ದಾರೆ." ಆಮೇಲೆ ಸ್ಮೂದಿ ಕುಡಿದು, ಹೊಟ್ಟೆ ಲೈಟಾಗಿದೆ ಎಂದು ಸೆಟ್ ದೋಸೆಗೆ ಕುಳಿತರು.

ಒಂದು ಲೋಟಕ್ಕೆ ಎಷ್ಟು ಪಾತ್ರೆ ಬೀಳುತ್ತವೆಂಬುದು ರಾಯರಿಗೆ ತಿಳಿಯದು, ಸಿಂಕಿಗೆ ಗೊತ್ತು. ಹೆಚ್ಚುವ ಮಣೆ, ಎರಡು ಚಾಕು, ಬಟ್ಟಲುಗಳು, ಜರಡಿ, ದೊಡ್ಡ ಜಾರು ಸಾಲದೆ ಹೋದಾಗ ಸಣ್ಣ ಜಾರು. ಮುಚ್ಚಳದ ರಬ್ಬರಿನ ಸಂದಿಯಲ್ಲಿ ನೆಂದುಕೊಂಡ ಚಿಯಾ ಬೀಜ ಒಮ್ಮೆ ಅಂಟಿತೆಂದರೆ ಹಲ್ಲುಕಡ್ಡಿಯಿಂದಲೇ ಕೀಳಬೇಕು. ಮಧ್ಯಾಹ್ನದ ಕಾಯಿಚಟ್ನಿಗೆ ಸಪೋಟದ ಘಮ. ಇಷ್ಟೆಲ್ಲ ಆದಮೇಲೂ "ನಾನೇ ಮಾಡ್ಕೋತೀನಿ, ಅವಳಿಗೇನೂ ತೊಂದರೆ ಕೊಡಲ್ಲ" ಎಂದು ರಾಯರು ಹೇಳುವಾಗ ಆಕೆ ಏನೂ ಅನ್ನುವುದಿಲ್ಲ. ದೊಡ್ಡ ಮನಸ್ಸು.

ಆ ಮನೆಯಲ್ಲಿ ಒಳ್ಳೆಯ ಸ್ಮೂದಿ ಆಗುವುದೇ ಇಲ್ಲವೆಂದಲ್ಲ. ರಾಯರು ಮದುವೆಗೋ ಮುಂಜಿಗೋ ಪರಊರಿಗೆ ಹೋದ ದಿನ ಆಕೆ ಮಾಡಿಕೊಳ್ಳುತ್ತಾರೆ. ಕಳಿತ ಏಲಕ್ಕಿ ಬಾಳೆ ಎರಡು, ಮನೆಯಲ್ಲೇ ಹೆಪ್ಪು ಹಾಕಿದ ಮೊಸರು ಒಂದು ಸೌಟು, ರಾಗಿ ಹುರಿಹಿಟ್ಟು ಒಂದು ಚಮಚ, ಹುರಿದು ಪುಡಿ ಮಾಡಿದ ಅಗಸೆ ಚಿಟಿಕೆ, ಒಂದು ಏಲಕ್ಕಿ. ಅಗಸೆಯನ್ನು ಇಡಿಯಾಗಿ ಹಾಕಿದರೆ ಜೀರ್ಣವಾಗದೆ ಬಂದ ದಾರಿಯಲ್ಲೇ ಹೋಗುತ್ತದೆ, ಅದಕ್ಕೇ ಪುಡಿ. ಬೆಲ್ಲವಿಲ್ಲ, ಜೇನಿಲ್ಲ, ಸೋಸುವ ಮಾತೇ ಇಲ್ಲ. ಮಿಕ್ಸಿ ಎರಡೇ ಸಲ ಗುರ್ ಎನ್ನುತ್ತದೆ. ನೆರೆಯವರು ಚಟ್ನಿ ಎಂದುಕೊಳ್ಳುತ್ತಾರೆ. ನನಗೊಮ್ಮೆ ಕೊಟ್ಟಿದ್ದರು. ರಾಯರಿಗೆ ಹೇಳಬೇಡಿ ಎಂದೂ ಹೇಳಿದ್ದರು. ಅವರಿಗೆ ತಿಳಿದರೆ ಅದಕ್ಕೂ ಬೆಣ್ಣೆಹಣ್ಣು ಬೀಳುತ್ತದೆ.

ರಾಯರನ್ನು ಕಾಣಬೇಕಿದ್ದರೆ ಹನ್ನೊಂದರ ಮೇಲೆ ಹೋಗಿ. ಆ ಹೊತ್ತಿಗೆ ಮಿಕ್ಸಿ ತೊಳೆದು ಒಳಗಿಟ್ಟಾಗಿರುತ್ತದೆ, ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿದಿರುತ್ತದೆ. "ಏನು ತಗೋತೀರಿ?" ಎಂದು ರಾಯರು ಕೇಳಿದರೆ ಅವರ ಮುಖ ನೋಡಬೇಡಿ. ಅಡುಗೆಮನೆಯ ಕಡೆ ತಿರುಗಿ, ಒಳಗಿನವರಿಗೆ ಕೇಳುವಷ್ಟು ಗಟ್ಟಿಯಾಗಿ, ಕಾಫಿ ಎಂದುಬಿಡಿ.