ಪುರುಸೊತ್ತಿರೋರು ಒಬ್ಬರು ಬೇಕು

ನೀವು ಏನೇ ಅನ್ನಿ, ನಮ್ಮ ಅಮ್ಮಂದಿರು ತೊಡೆ ಮೇಲೆ ಕೂರಿಸಿಕೊಂಡು, ಕಥೆ ಹೇಳಿ, ಮುದ್ದು ಮಾಡಿ ನಮ್ಮನ್ನು ಬೆಳೆಸಿದರು ಅನ್ನೋ ಮಾತನ್ನು ನಾನಂತೂ ಒಪ್ಪೋಳಲ್ಲ. ಅಮ್ಮನಿಗೆ ಎಲ್ಲಿತ್ತು ಪುರುಸೊತ್ತು? ಬೆಳಗ್ಗೆ ಎದ್ದರೆ ಒಲೆ, ಹಂಡೆ, ನಲ್ಲಿ ನೀರು, ರಾಶಿ ಬಟ್ಟೆ. ಮಧ್ಯಾಹ್ನ ಒಂದು ಗಳಿಗೆ ನೆಲಕ್ಕೆ ಬೆನ್ನು ತಾಗಿಸಿದರೆ ಅಷ್ಟರಲ್ಲಿ ಯಾರೋ ಬಾಗಿಲು ತಟ್ಟೋರು. ನಾವು ಸೆರಗು ಹಿಡಿದು ಎಳೆದರೆ ಸಿಗುತ್ತಿದ್ದುದು ಒಂದೇ ಉತ್ತರ: ‘ಹೋಗು, ಅಜ್ಜಿ ಹತ್ರ ಹೋಗು.’

ನಿನ್ನೆ ಪಕ್ಕದ ಮನೆಯವರಿಗೂ ಇದನ್ನೇ ಹೇಳಿದೆ. ಕಾಂಪೌಂಡ್ ಗೋಡೆಗೆ ಒರಗಿಕೊಂಡು ಒಂದೇ ಸಮ ಗೋಳಾಡುತ್ತಿದ್ದರು ಪಾಪ. ಎರಡು ಸಣ್ಣ ಮಕ್ಕಳು, ಆಫೀಸು, ಮನೆ ಮುಟ್ಟೋ ಹೊತ್ತಿಗೆ ರಾತ್ರಿ. ‘ನಮ್ಮಮ್ಮನ ಥರ ನಂಗೆ ಮಕ್ಕಳನ್ನ ನೋಡ್ಕೊಳ್ಳೋಕೆ ಆಗ್ತಿಲ್ಲ ಕಣ್ರೀ’ ಅಂದರು. ‘ನಿಮ್ಮಮ್ಮ ನೋಡ್ಕೊಂಡ್ರು ಅಂತ ಯಾರ್ರೀ ಹೇಳಿದ್ದು? ನೋಡ್ಕೊಂಡಿದ್ದು ನಿಮ್ಮಜ್ಜಿ’ ಅಂದೆ. ಕೈಲಿದ್ದ ಒದ್ದೆ ಬಟ್ಟೆ ಹಿಂಡುತ್ತಾ ಸ್ವಲ್ಪ ಹೊತ್ತು ಯೋಚಿಸಿ, ‘ಅದೂ ಹೌದೇ’ ಅಂದರು.

ಹಾಗಂತ ಅಜ್ಜಿ ದೇವತೆ ಅಂತೇನೂ ಅಲ್ಲ. ನಮ್ಮಜ್ಜಿ ಕೂತಲ್ಲಿಂದಲೇ ಸೊಸೆಯನ್ನು ಆಳಿದವರು. ಗುಮ್ಮ ಹಿಡ್ಕೊಂಡು ಹೋಗುತ್ತೆ ಅಂತ ಹಸಿ ಸುಳ್ಳು ಹೇಳಿ ನಮ್ಮನ್ನು ಮಲಗಿಸಿದವರು. ಆದರೆ ಮನೆಗೆಲ್ಲ ಪುರುಸೊತ್ತು ಅಂತಿದ್ದದ್ದು ಅವರೊಬ್ಬರಿಗೇ. ದೀಪ ಹಚ್ಚಿದ ಮೇಲೆ ದೊಡ್ಡ ಬೋಗುಣಿಯಲ್ಲಿ ಅನ್ನ, ಹುಳಿ, ತುಪ್ಪ ಕಲಸಿ ಮುಂದಿಟ್ಟುಕೊಂಡು ಕೂರೋರು. ಸುತ್ತ ನಾವೆಲ್ಲ ಕೈ ಚಾಚಿಕೊಂಡು. ಅಂಗೈ ಮೇಲೆ ತುತ್ತು ಬಿದ್ದ ತಕ್ಷಣ ಹೆಬ್ಬೆರಳಲ್ಲಿ ಅದರ ನಡುವೆ ಗುಳಿ ಮಾಡಬೇಕು. ಆ ಗುಳಿಗೆ ಹುಳಿಯ ತಿಳಿ ಬಿಡೋರು. ಆಸೆಬುರುಕರು ಗುಳಿ ದೊಡ್ಡದು ಮಾಡಿದರೆ ಮೊಣಕೈವರೆಗೂ ಸೋರೋದು. ಜತೆಗೆ ಕಾಗಕ್ಕ ಗುಬ್ಬಕ್ಕನ ಕಥೆ. ನಾವು ‘ಹೂಂ, ಹೂಂ’ ಅನ್ನುತ್ತಲೇ ಇರಬೇಕು. ಹೂಂ ನಿಂತರೆ ಕಥೆಯೂ ನಿಂತಿತು, ತುತ್ತೂ ನಿಂತಿತು. ಊಟ ಮುಗಿಯೋ ಮೊದಲೇ ನಿದ್ದೆಗೆ ಜಾರದಿರಲಿ ಅಂತ ಅಜ್ಜಿಯ ಉಪಾಯ ಅದು. ‘ಬೇಗ ತಿನ್ನು’ ಅಂತ ಅವರ ಬಾಯಲ್ಲಿ ಬಂದದ್ದೇ ಇಲ್ಲ. ಈಗ ನಮ್ಮನೇಲಿ ಬೆಳಗಾದರೆ ಬೇಗ ಏಳು, ಬೇಗ ಉಜ್ಜು, ಬೇಗ ನುಂಗು. ಮಗೂಗೆ ಮೊದಲು ಬಂದ ಮಾತು ‘ಅಮ್ಮ’ನೋ ‘ಬೇಗ’ನೋ ಅಂತ ನನಗೇ ಅನುಮಾನ.

ಅಜ್ಜನದ್ದು ಇನ್ನೊಂದು ಲೋಕ. ಹಲ್ಲೆಲ್ಲ ಹೋಗಿದ್ದರಿಂದ ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿ ಕೊಡಬೇಕಿತ್ತು. ಕುಟ್ಟೋ ಸರದಿಗೆ ನಮ್ಮಲ್ಲಿ ಜಗಳ. ಅವರು ಬೆರಳಲ್ಲಿ ಮುಟ್ಟಿ ನೋಡಿ, ‘ಇನ್ನೊಂಚೂರು’ ಅನ್ನೋರು. ಆ ‘ಇನ್ನೊಂಚೂರು’ ಮುಗಿಯುವಷ್ಟರಲ್ಲಿ ಊರಿನ ಕೋರ್ಟು ಕಚೇರಿ, ಯಾರ ಎಮ್ಮೆ ಯಾರ ಗದ್ದೆಗೆ ನುಗ್ಗಿತ್ತು, ಎಲ್ಲ ನಮ್ಮ ಕಿವಿಗೆ ಬಿದ್ದಿರೋದು.

ಮಧ್ಯಾಹ್ನ ಅಜ್ಜಿ ಜತೆ ಚೌಕಾಬಾರ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ, ಒಂದು ಮಗ್ಗುಲು ಬೆಳ್ಳಗಾಗುವ ಹಾಗೆ ತೇದ ನಾಲ್ಕು ಹುಣಸೆಬೀಜ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಬಾರ, ಅಂದರೆ ಎಂಟು. ಅಜ್ಜಿ ಕಾಯಿಯನ್ನು ಸದ್ದಿಲ್ಲದೆ ಒಂದು ಮನೆ ಹೆಚ್ಚಿಗೆ ನಡೆಸೋರು. ನಾವು ಹಿಡಿದು ಕೂಗಾಡಿದರೆ, ‘ಲೆಕ್ಕ ಬಂತು ಬಿಡು ನಿಂಗೆ’ ಅಂತ ಶಹಭಾಸ್‌ಗಿರಿ. ಕೂಡೋದು ಕಳೆಯೋದು ನನಗೆ ಬಂದದ್ದು ಅಲ್ಲೇ.

ಆಟ ಅನ್ನೋದು ಪುರುಸೊತ್ತಿದ್ದವರ ಸ್ವತ್ತು, ರಾಜನಾದರೂ ಅಷ್ಟೇ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರನ್ನೇ ನೋಡಿ. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. 1868ರಲ್ಲಿ ಅವರು ತೀರಿಕೊಳ್ಳುವವರೆಗೂ ಅದು ವಾಪಸ್ ಬರಲಿಲ್ಲ. ಗಂಜೀಫಾ, ಚದುರಂಗ, ಮಣೆಯಾಟ ಅಂತ ಒಂದೊಂದಕ್ಕೂ ಹೊಸ ಹೊಸ ರೂಪ ಕೊಟ್ಟ ದೊರೆ ಅವರು. ಅವರ ‘ಶ್ರೀತತ್ತ್ವನಿಧಿ’ಯಲ್ಲಿ ಆಟಗಳಿಗೇ ಅಂತ ‘ಕೌತುಕನಿಧಿ’ ಅನ್ನೋ ಭಾಗವೇ ಇದೆ. ರಾಜ್ಯಭಾರದ ಫೈಲುಗಳು ಮೇಜಿನ ಮೇಲೆ ಪೇರಿಸಿಕೊಂಡಿದ್ದರೆ ಇದಕ್ಕೆಲ್ಲ ಎಲ್ಲಿ ಬಿಡುವು ಸಿಗುತ್ತಿತ್ತು ಹೇಳಿ?

ಈಗಿನ ಅಜ್ಜ ಅಜ್ಜಿಯರ ಪಾಡು ನೋಡಿ. ನಮ್ಮ ಬೀದಿಯ ತಿರುವಿನಲ್ಲಿ ಬೆಳಗ್ಗೆ ಸ್ಕೂಲ್ ವ್ಯಾನಿಗೆ ಕಾಯೋರೆಲ್ಲ ರಿಟೈರ್ ಆದವರೇ. ಬ್ಯಾಗು ಅಜ್ಜನ ಹೆಗಲಿಗೆ, ನೀರಿನ ಬಾಟಲಿ ಅಜ್ಜಿಯ ಕೈಗೆ. ಸಂಜೆ ಅಬಾಕಸ್, ಕರಾಟೆ, ಭರತನಾಟ್ಯಕ್ಕೆ ಕರ್ಕೊಂಡು ಹೋಗೋದೂ ಅವರೇ. ನಡುವೆ ಗ್ಯಾಸ್ ಸಿಲಿಂಡರು, ಕೊರಿಯರ್ ಹುಡುಗ, ಮೊಮ್ಮಗನ ಪ್ರಾಜೆಕ್ಟಿಗೆ ಥರ್ಮೋಕೋಲು. ಮಕ್ಕಳು ಅಮೆರಿಕದಲ್ಲಿದ್ದರಂತೂ ಕೇಳಲೇಬೇಡಿ. ವಿಸಿಟರ್ ವೀಸಾದಲ್ಲಿ ಹೋದರೆ ಸಾಮಾನ್ಯವಾಗಿ ಇರಲು ಬಿಡೋದು 6 ತಿಂಗಳು. ಮೊದಲು ಹುಡುಗಿಯ ಅಮ್ಮ ಸಾರಿನಪುಡಿ, ಚಟ್ನಿಪುಡಿ, ಬಾಣಂತಿ ಲೇಹ್ಯ ಎಲ್ಲ ತುಂಬಿಕೊಂಡು ಹೋಗ್ತಾರೆ. ಅವರು ವಿಮಾನ ಹತ್ತೋ ಹೊತ್ತಿಗೆ ಹುಡುಗನ ಅಮ್ಮ ಇಳೀತಾರೆ. ಮಗು ಒಬ್ಬ ಅಜ್ಜಿಯ ಮುಖಕ್ಕೆ ಒಗ್ಗಿಕೊಂಡಿತು ಅನ್ನುವಷ್ಟರಲ್ಲಿ ಇನ್ನೊಬ್ಬ ಅಜ್ಜಿ.

ಅಂದಮೇಲೆ ಏನಾಯ್ತು? ಆಗ ಅಮ್ಮ ಮಾಡುತ್ತಿದ್ದ ಕೆಲಸವನ್ನು ಈಗ ಅಜ್ಜಿ ಮಾಡ್ತಿದ್ದಾರೆ. ಅಜ್ಜಿಯ ಕೆಲಸ ಮಾಡೋರು ಯಾರೂ ಇಲ್ಲ. ರಾತ್ರಿ ಹೊತ್ತಿಗೆ ಸುಸ್ತಾದ ಅಜ್ಜಿಯೇ ಮಗುವಿನ ಕೈಗೆ ಮೊಬೈಲ್ ಕೊಟ್ಟು, ತಾವು ಸೀರಿಯಲ್ ಮುಂದೆ ಕಾಲು ಚಾಚ್ತಾರೆ. ‘ಯಾಕಮ್ಮಾ ಮೊಬೈಲ್ ಕೊಟ್ಟೆ?’ ಅಂತ ಕೇಳಿದರೆ, ‘ನೀನೇ ನೋಡ್ಕೋ ಹಾಗಾದ್ರೆ’ ಅಂತಾರೆ. ಅದರಲ್ಲಿ ತಪ್ಪೇನಿದೆ?

ಹಾಗಂತ ಅವರ ಹತ್ತಿರ ಕಥೆ ಇಲ್ಲ ಅಂತಲ್ಲ. ಎ. ಕೆ. ರಾಮಾನುಜನ್ ಸಂಗ್ರಹಿಸಿದ ಒಂದು ಕನ್ನಡ ಜನಪದ ಕಥೆ ಇದೆ. ಒಬ್ಬಳಿಗೆ ಒಂದು ಕಥೆ, ಒಂದು ಹಾಡು ಗೊತ್ತು, ಯಾರಿಗೂ ಹೇಳೋದಿಲ್ಲ. ಒಳಗಿದ್ದೂ ಇದ್ದೂ ಉಸಿರುಗಟ್ಟಿ, ಅವಳು ಬಾಯಿ ತೆರೆದು ಮಲಗಿದ್ದಾಗ ಎರಡೂ ಹೊರಗೆ ಬಿದ್ದು, ಒಂದು ಜೋಡಾಗಿ ಮನೆ ಹೊರಗೆ ಕೂರುತ್ತೆ, ಇನ್ನೊಂದು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬೀಳುತ್ತೆ. ಗಂಡ ಬಂದು ‘ಇದು ಯಾರದ್ದು?’ ಅಂತ ಕೇಳ್ತಾನೆ, ಮನೆ ರಣರಂಗ! ನಮ್ಮ ಮನೆಗಳಲ್ಲಿ ಅತ್ತೆ ಮಾವ ಸುಮ್ಮಸುಮ್ಮನೆ ರೇಗಿದಾಗೆಲ್ಲ ನನಗೆ ಈ ಕಥೆ ನೆನಪಾಗುತ್ತೆ. ಹೂಂಗುಟ್ಟೋರಿಲ್ಲದೆ ಒಳಗೆ ಎಷ್ಟು ಕಥೆ ಕೊಳೀತಿವೆಯೋ!

ಆದ್ದರಿಂದ ಪಕ್ಕದ ಮನೆಯವರಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ‘ನಾನು ಕೆಟ್ಟ ತಾಯಿ’ ಅಂತ ಕೊರಗೋದು ಬಿಡಿ. ನಿಮ್ಮಮ್ಮನೂ ನಿಮ್ಮಷ್ಟೇ ಒದ್ದಾಡಿದವರು. ಮಕ್ಕಳಿರೋ ಮನೆಯಲ್ಲಿ ಅವಸರವಿಲ್ಲದ ಒಬ್ಬರು ಇರಬೇಕು, ಅಷ್ಟೇ. ಅದು ಅಜ್ಜಿಯೇ ಆಗಬೇಕಿಲ್ಲ. ದಿನಾ ಅರ್ಧ ಗಂಟೆ ಫೋನ್ ಪಕ್ಕಕ್ಕಿಟ್ಟ ಅಪ್ಪನೂ ಆದೀತು, ರಜೆಗೆ ಬಂದ ಚಿಕ್ಕಪ್ಪನೂ ಆದೀತು. ಆದರೆ ಅಜ್ಜ ಅಜ್ಜಿ ಮನೆಯಲ್ಲೇ ಇದ್ದರೆ ಮೊದಲ ಹಕ್ಕು ಅವರದ್ದು. ಈ ಭಾನುವಾರ ಅವರಿಗೆ ಸೊಪ್ಪು ಸೋಸೋದರಿಂದ ಹಿಡಿದು ಗೇಟು ತೆಗೆಯೋದರ ತನಕ ಒಂದು ಕೆಲಸವನ್ನೂ ಹೇಳಬೇಡಿ. ಮಕ್ಕಳನ್ನು ಅವರ ಹತ್ತಿರ ಬಿಟ್ಟು, ಪಾತ್ರೆ ನೀವೇ ತೊಳೆದುಕೊಳ್ಳಿ.