ಕುಮಾರಿಯ ಬಿಲ್ಲು ವಾಪಸ್ಸು

ಇವರಿಗೆ,
ಮಾನ್ಯ ವಿಷಯ ನಿರ್ವಾಹಕರು,
ಎರಡನೇ ಮಹಡಿ, ಕಿಟಕಿ ಪಕ್ಕದ ಮೇಜು.

ಮಾನ್ಯರೇ,

ವಿಷಯ: ನನಗೆ ಮದುವೆಯಾಗಿದೆಯೋ ಇಲ್ಲವೋ ಎಂಬುದನ್ನು ತಾವೇ ತೀರ್ಮಾನಿಸುವ ಕುರಿತು.

ನಿನ್ನೆ ಅರ್ಧ ದಿನ ರಜೆ ಹಾಕಿ ತಮ್ಮ ಮೇಜಿನ ಮುಂದೆ ನಿಂತಿದ್ದ ಟೀಚರ್ ನಾನೇ. ನಿಂತಿದ್ದೆ ಅಂದರೆ ನಿಂತೇ ಇದ್ದೆ. ಕುರ್ಚಿಯ ಮೇಲೆ ತಮ್ಮ ಊಟದ ಡಬ್ಬಿ ಕೂತಿತ್ತು.

ಅಮ್ಮನ ಕಣ್ಣಿನ ಆಪರೇಷನ್ನಿನ ಬಿಲ್ಲು ಮೂರನೇ ಸಲ ವಾಪಸ್ಸಾಗಿದೆ. ಸೇವಾ ಪುಸ್ತಕದಲ್ಲಿ ನಾನು 'ಕು.', ಪಾಸ್‌ಬುಕ್ಕಿನಲ್ಲಿ 'ಶ್ರೀಮತಿ'. ಹೆಸರು ಅದೇ, ಇನಿಷಿಯಲ್ ಅದೇ, ಸಹಿ ಅದೇ, ಎದುರಿಗಿದ್ದ ಮುಖವೂ ಅದೇ. "ಇಬ್ಬರೂ ಒಬ್ಬರೇ ಅಂತ ಹೇಗೆ ನಂಬೋದು ಮೇಡಂ?" ಅಂದಿರಿ.

ಆ 'ಶ್ರೀಮತಿ'ಯನ್ನು ನಾನು ಕೇಳಿದ್ದಲ್ಲ. ಬ್ಯಾಂಕಿನ ಹುಡುಗ ನನ್ನ ನರೆಗೂದಲು ನೋಡಿ ಮರ್ಯಾದೆಗೆ ಹಾಕಿದ್ದು. 46ರ ಹೆಂಗಸನ್ನು ಕುಮಾರಿ ಅನ್ನಲು ಪಾಪ ನಾಚಿಕೆಯಾಗಿರಬೇಕು. ನಮ್ಮಪ್ಪ ಹನ್ನೆರಡು ವರ್ಷ ಜಾತಕ ಹಿಡಿದು ಓಡಾಡಿದರೂ ಆಗದ ಕೆಲಸ, ಅವನ ಒಂದು ಕ್ಲಿಕ್ಕಿಗೆ ಮುಗಿಯಿತು.

ಜೊತೆಗೆ ಬಂದಿದ್ದ ನಮ್ಮ ಪಿ.ಟಿ. ಮೇಷ್ಟ್ರ ಬಿಲ್ಲು ಪಾಸಾಯಿತು. ಅವರು ಶ್ರೀ. ಕೆಲಸಕ್ಕೆ ಸೇರಿದಾಗ ಬ್ರಹ್ಮಚಾರಿ, ಶ್ರೀ. ಮದುವೆಯಾದರು, ಶ್ರೀ. ಹೆಂಡತಿ ತವರಿಗೆ ಹೋಗಿ ಐದು ವರ್ಷವಾಯಿತು, ಈಗಲೂ ಶ್ರೀ. ನಮಗಾದರೆ ಲಗ್ನಪತ್ರಿಕೆಯಿಂದಲೇ ಶುರು: ಚಿ.ಕುಂ.ಸೌ., ಆಮೇಲೆ ಸೌ., ಗಂಡ ಸತ್ತರೆ ಗಂ.ಭಾ. 2023ರಲ್ಲಿ ಮಹಾರಾಷ್ಟ್ರದ ಸಚಿವರೊಬ್ಬರು ವಿಧವೆಯರಿಗೆ ಈ 'ಗಂಗಾ ಭಾಗೀರಥಿ'ಯನ್ನೇ ಸರ್ಕಾರಿ ಪದ ಮಾಡೋಣವೇ ಎಂದು ಕೇಳಿ ಚೆನ್ನಾಗಿ ಬೈಸಿಕೊಂಡರು. ಅದೇ ವರ್ಷ ಕೇರಳದ ಮಕ್ಕಳ ಹಕ್ಕುಗಳ ಆಯೋಗ, ಸರ್ರೂ ಬೇಡ ಮೇಡಮ್ಮೂ ಬೇಡ, ಎಲ್ಲರೂ 'ಟೀಚರ್' ಎಂದಿತು. ಓದಿ ಹೊಟ್ಟೆ ಉರಿಯಿತು.

ಮಕ್ಕಳಿಗೆ ಈ ರಗಳೆಯೇ ಇಲ್ಲ. ಕಾನ್ವೆಂಟಿನಲ್ಲಿ ಮೊಮ್ಮಕ್ಕಳನ್ನು ಕಂಡವರೂ 'ಮಿಸ್'. ನಾನು ಮೊದಲು ಸೇರಿದ ಧಾರವಾಡ ಕಡೆಯ ಹಳ್ಳಿಯಲ್ಲಿ 'ಅಕ್ಕೋರು'. ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದಾಗ ಲಾರಿಯ ಮೇಲಿಂದ "ಅಕ್ಕೋರ, ನಮಸ್ಕಾರ್ರೀ!" ಎಂದು ಕೂಗಿದ ಹುಡುಗ, ಗಣಿತದಲ್ಲಿ ಎರಡು ಸಲ ನನ್ನ ಕೈಲಿ ಫೇಲಾದವನು, ನನಗೆ ಗಂಡ ಇದ್ದಾನೋ ಎಂದು ಕೇಳಲಿಲ್ಲ.

ಚುನಾವಣೆ ಡ್ಯೂಟಿ ಆದೇಶದಲ್ಲಿ ಒಮ್ಮೆ ನನ್ನನ್ನು 'ಶ್ರೀ' ಎಂದೇ ಅಚ್ಚು ಹಾಕಿದ್ದರು. ಆಗ ಯಾರೂ ವಾಪಸ್ಸು ಕಳಿಸಲಿಲ್ಲ. ಮತಪೆಟ್ಟಿಗೆ ಹೊತ್ತು ಬಸ್ಸು ಹತ್ತಿ ಅಂದರು. ಕೆಲಸ ತೆಗೆಯುವಾಗ ನಾನು ಯಾರಾದರೂ ಆದೀತು. ದುಡ್ಡು ಕೊಡುವಾಗ ಮಾತ್ರ ನನ್ನ ಕುತ್ತಿಗೆ ನೋಡುತ್ತೀರಿ, ತಾಳಿ ಇದೆಯೋ ಅಂತ.

ನಿನ್ನೆ ನೋಡಿದಿರಿ ಸ್ವಾಮೀ. ಅದಕ್ಕೇ ಇಷ್ಟು ಸಿಟ್ಟು.

"ಮದುವೆಯಾಗಿಲ್ಲ ಅಂತ ಛಾಪಾ ಕಾಗದದ ಮೇಲೆ ಅಫಿಡವಿಟ್ ತನ್ನಿ" ಅಂದಿರಿ. ತರುವುದಿಲ್ಲ. ಸೇವಾ ಪುಸ್ತಕದಲ್ಲಿ 'ಶಿಕ್ಷಕಿ' ಎಂದು ಬರೆದಿದೆ, ಅದನ್ನು ಓದಿಕೊಳ್ಳಿ.

ಬಿಲ್ಲಿನ ಮೊತ್ತ 18,400 ರೂಪಾಯಿ. ಅಮ್ಮನ ಇನ್ನೊಂದು ಕಣ್ಣಿನ ಆಪರೇಷನ್ ಮುಂದಿನ ತಿಂಗಳು. ಸೋಮವಾರ ಮತ್ತೆ ಬರುತ್ತೇನೆ. ದಯವಿಟ್ಟು ಕುರ್ಚಿಯ ಮೇಲಿನ ಡಬ್ಬಿ ತೆಗೆದಿಡಿ.

ಇಂತಿ,
ಟೀಚರ್