ಬೆನ್ನಿಗೆ ಬಿದ್ದ ಖೋ

ಗಂಡ ಕುಡಿದರೆ, ಇಸ್ಪೀಟಾಡಿ ಸೋತರೆ ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಂಡು ಅಳುವುದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ಕೇಳಿಸಿಕೊಳ್ಳುವವರಿಗೂ ತಮ್ಮ ಪಾತ್ರ ಗೊತ್ತಿರುತ್ತದೆ. ದೊಡ್ಡಮ್ಮ ಧರ್ಮಸ್ಥಳಕ್ಕೆ ಹರಕೆ ಹೊತ್ತುಕೋ ಅನ್ನುತ್ತಾರೆ, ಚಿಕ್ಕಪ್ಪ "ನಾನು ಮಾತಾಡ್ತೀನಿ ಬಿಡಮ್ಮ" ಅಂದು ಮೀಸೆ ನೀವುತ್ತಾರೆ. ಆದರೆ ಗಂಡ ಲಕ್ಷಗಟ್ಟಲೆ ಸಂಬಳದ ಸಾಫ್ಟ್‌ವೇರ್ ಕೆಲಸ ಬಿಟ್ಟು ಖೋ ಖೋ ಕೋಚ್ ಆದರೆ ಯಾರ ಮುಂದೆ ಅಳುವುದು, ಯಾವ ದೇವರಿಗೆ ಹರಕೆ ಹೊರುವುದು? ಮದುವೆಮನೆಯಲ್ಲಿ ಈ ಸುದ್ದಿ ಹೇಳಿದರೆ ಮೊದಲು ನಗುತ್ತಾರೆ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸುತ್ತಾರೆ. ಕೊನೆಗೆ ದನಿ ತಗ್ಗಿಸಿ, "ಕಂಪನಿಯವರೇ ತೆಗೆದುಬಿಟ್ರಾ?" ಅನ್ನುತ್ತಾರೆ. ಇಲ್ಲ, ಇವರೇ ಬಿಟ್ಟರು ಅಂದರೆ ಯಾರೂ ನಂಬುವುದಿಲ್ಲ. ತೆಗೆದರು ಅಂದರೆ ಮರುಕವಾದರೂ ಸಿಗುತ್ತದಲ್ಲ ಎಂದು ಒಂದೆರಡು ಕಡೆ ಹಾಗೇ ಹೇಳಿದ್ದೂ ಉಂಟು. ಒಂದು ಮನೆಯವರು ಡಬ್ಬಿ ತುಂಬ ಚಕ್ಕುಲಿ ಕೊಟ್ಟು ಕಳಿಸಿದರು. ಅದನ್ನು ತಿಂದು ಮುಗಿಸಿದವರೂ ಇವರೇ.

ಸುದ್ದಿ ಹೊರಬಿದ್ದದ್ದು ಒಂದು ಭಾನುವಾರ, ಉಪ್ಪಿಟ್ಟಿನ ತಟ್ಟೆಗಳ ನಡುವೆ. "ಪೇಪರ್ ಹಾಕ್ಬಿಟ್ಟೆ ಕಣೇ," ಅಂದರು. ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ನಮ್ಮತ್ತೆ ಮಾತ್ರ ಕಾಫಿ ಲೋಟ ಕೆಳಗಿಟ್ಟು, "ಈ ವಯಸ್ಸಿಗೆ ಮನೆಮನೆಗೆ ಪೇಪರ್ ಹಾಕೋಕೆ ಹೋಗ್ತೀಯೇನೋ? ನಮ್ಮ ಬೀದಿ ಹುಡುಗ ಕಾಲೇಜಿಗೆ ಸೇರ್ಕೊಂಡ ಅಂತ ನಿನಗೆ ವಹಿಸಿದ್ರಾ?" ಅಂದರು. ಅದೇ ನಿಜವಾಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು ನನಗೆ. ಪೇಪರ್ ಹಾಕುವವನಿಗೆ ತಿಂಗಳ ಕೊನೆಗೆ ವಸೂಲಿ ಮಾಡಲು ಬಿಲ್ಲಾದರೂ ಇರುತ್ತದೆ.

ಇವರು ವಾದಕ್ಕೆ ತಯಾರಾಗಿಯೇ ಬಂದಿದ್ದರು. ಒ.ಎಂ. ನಂಬಿಯಾರ್ ವಾಯುಪಡೆಯಲ್ಲಿದ್ದವರು, ಅಲ್ಲಿಂದ ಬಂದು ಕೋಚ್ ಆದರು, ಪಿ.ಟಿ. ಉಷಾ ಅವರನ್ನು ತಯಾರು ಮಾಡಿದರು, 1985ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದಾಗ ಮೊದಲ ಸಾಲಿನಲ್ಲೇ ಪಡೆದರು ಎಂದರು. ಉಷಾಗೆ 1984ರ ಲಾಸ್ ಏಂಜಲೀಸ್‌ನಲ್ಲಿ ಕಂಚು ತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ, ನಮ್ಮ ಸಾಲದ ಕಂತು ತಪ್ಪುವುದಕ್ಕೆ ಅಷ್ಟು ಹೊತ್ತೂ ಬೇಡ ಎಂದೆ. ಇವರು ಎದೆಗುಂದಲಿಲ್ಲ. ಪುಲ್ಲೇಲ ಗೋಪಿಚಂದ್ ಅಕಾಡೆಮಿ ಕಟ್ಟಲು ಮನೆಯನ್ನೇ ಅಡ ಇಟ್ಟರು, ಆಮೇಲೆ ಸೈನಾ, ಸಿಂಧು ಎಲ್ಲ ಬಂದರು ಎಂದರು. ಕೇಳಿ ನನ್ನ ಎದೆ ಧಸಕ್ಕೆಂದಿತು. ಮರುಕ್ಷಣ ನೆನಪಾಯಿತು, ನಮ್ಮ ಮನೆ ಆಗಲೇ ಬ್ಯಾಂಕಿನಲ್ಲಿ ಅಡವಿತ್ತು. ತೀರದ ಸಾಲದಿಂದಲೂ ಒಂದು ಮನೆ ಉಳಿಯಬಹುದು ಎಂದು ಬ್ಯಾಂಕಿನಲ್ಲಿ ಕೆಲಸ ಮಾಡುವ ನನಗೆ ಅಂದೇ ಗೊತ್ತಾಗಿದ್ದು.

ನನ್ನ ಕೈಯಲ್ಲೂ ಒಂದು ಅಸ್ತ್ರವಿತ್ತು. "ರಮಾಕಾಂತ್ ಆಚ್ರೇಕರ್ ಸ್ಟೇಟ್ ಬ್ಯಾಂಕಿನಲ್ಲಿ ಕೆಲಸಕ್ಕಿದ್ದವರು ಕಣ್ರೀ. ಸಚಿನ್ ಬ್ಯಾಟಿಂಗ್ ಮಾಡುವಾಗ ಸ್ಟಂಪಿನ ಮೇಲೆ ಒಂದು ರೂಪಾಯಿ ನಾಣ್ಯ ಇಡ್ತಿದ್ರಂತೆ. ಔಟ್ ಮಾಡಿದ ಬೌಲರಿಗೆ ಆ ರೂಪಾಯಿ, ಔಟಾಗದಿದ್ರೆ ಸಚಿನ್‌ಗೆ. ಆ ರೂಪಾಯಿ ಎಲ್ಲಿಂದ ಬಂತು ಹೇಳಿ? ಸಂಬಳದಿಂದ!"

"ಅದು ಕ್ರಿಕೆಟ್ಟು ಕಣೇ," ಅಂದು ಇವರು ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡರು. ಅಲ್ಲಿಗೆ ಚರ್ಚೆ ಮುಗಿಯಿತು.

ಈ ಕಿಚ್ಚು ಹತ್ತಿದ್ದು ಯಾವಾಗ ಎಂಬ ಅನುಮಾನ ನನಗಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ ಖೋದ ಮೊದಲ ವಿಶ್ವಕಪ್ ನಡೆಯಿತು. ಗಂಡಸರು, ಹೆಂಗಸರು ಎರಡೂ ವಿಭಾಗದಲ್ಲಿ ನೇಪಾಳವನ್ನು ಸೋಲಿಸಿ ಭಾರತವೇ ಗೆದ್ದಿತು. ಹೆಂಗಸರ ತಂಡದಲ್ಲಿ ನಮ್ಮದೇ ಜಿಲ್ಲೆಯ, ತಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ ಇದ್ದರು. ಆ ರಾತ್ರಿ ಇವರು ಟಿ.ವಿ. ಮುಂದೆ ಸೋಫಾದ ಮೇಲೆ ಕೂತಿರಲಿಲ್ಲ. ನೆಲದ ಮೇಲೆ, ಒಂದು ಮೊಣಕಾಲು ಮುಂದೆ ಚಾಚಿ, ಎರಡೂ ಅಂಗೈ ಊರಿ, ಈಗ ಖೋ ಬೀಳುತ್ತದೆ ಎನ್ನುವಂತೆ ಕೂತಿದ್ದರು. ಕಾಲೇಜಿನಲ್ಲಿ ಇವರು ಆಡಿದ್ದು, ಒಮ್ಮೆ ಮೊಣಕಾಲು ಚಿಪ್ಪು ಜಾರಿ ಆಟ ಬಿಟ್ಟಿದ್ದು ನನಗೆ ಗೊತ್ತಿತ್ತು. ಬಿಟ್ಟ ಆಟ ಇವರನ್ನು ಬಿಟ್ಟಿರಲಿಲ್ಲ ಎಂಬುದು ಗೊತ್ತಿರಲಿಲ್ಲ. ಅದೇ ದಿನಗಳಲ್ಲಿ ಪತ್ರಿಕೆಯಲ್ಲಿ ಇನ್ನೊಂದು ಸುದ್ದಿ ಬಂತು. ರಾಜ್ಯ ಸರ್ಕಾರ ಘೋಷಿಸಿದ ತಲಾ 5 ಲಕ್ಷ ರೂಪಾಯಿ ಬಹುಮಾನವನ್ನು ಚೈತ್ರಾ ಮತ್ತು ಗಂಡಸರ ತಂಡದ ಗೌತಮ್ ಬೇಡವೆಂದು ನಿರಾಕರಿಸಿದ್ದರು. ಅದನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ವಿಶ್ವಕಪ್ ಗೆದ್ದವರಿಗೆ ಇಷ್ಟಾದರೆ ಹೋಬಳಿ ಮಟ್ಟದ ಕೋಚಿಗೆ ಎಷ್ಟು ಎಂಬ ತ್ರೈರಾಶಿ ಲೆಕ್ಕವನ್ನು ಇವರೇ ಬಿಡಿಸಲಿ ಎಂದು. ಇವರು ಅದನ್ನು ಓದಿ, "ನೋಡು, ಎಂಥ ಸ್ವಾಭಿಮಾನ!" ಅಂದರು.

ಖೋ ಖೋ ಆಡದೆ ಶಾಲೆ ಮುಗಿಸಿದ ಕನ್ನಡಿಗರು ಕಡಿಮೆ. ಆದರೂ ಮರೆತವರಿಗೆ ಒಂದು ನಿಯಮ ನೆನಪಿಸಬೇಕು. ಎಂಟು ಜನ ಸಾಲಾಗಿ, ಒಬ್ಬರು ಈ ಕಡೆ ಒಬ್ಬರು ಆ ಕಡೆ ಮುಖ ಮಾಡಿ ಕೂತಿರುತ್ತಾರೆ. ಒಂಬತ್ತನೆಯವರು ಅಟ್ಟಿಸಿಕೊಂಡು ಓಡುತ್ತಾರೆ. ಕೈಗೆ ಸಿಗದೆ ರನ್ನರ್ ಸಾಲಿನ ಆಚೆ ನುಸುಳಿದರೆ, ಕೂತವರೊಬ್ಬರ ಬೆನ್ನು ಮುಟ್ಟಿ 'ಖೋ' ಅನ್ನುತ್ತಾರೆ. ಕೂತವರು ಎದ್ದು ಓಡಬೇಕು, ಖೋ ಕೊಟ್ಟವರು ಅವರ ಜಾಗದಲ್ಲಿ ಕೂರಬೇಕು. ನಿನಗೆ ಓಡಲು ಇಷ್ಟವೇನಮ್ಮ ಎಂದು ಯಾರೂ ಕೇಳುವುದಿಲ್ಲ. ಎದ್ದ ಮೇಲೆ ಹಿಡಿದ ದಿಕ್ಕು ಬದಲಿಸುವಂತಿಲ್ಲ. ವಾಪಸು ಬರಬೇಕಾದರೆ ತುದಿಯ ಕಂಬದವರೆಗೆ ಹೋಗಿಯೇ ಬರಬೇಕು.

ನಮ್ಮ ಮನೆಯಲ್ಲಿ ಆದದ್ದು ಇಷ್ಟೇ. ಇವರು ಓಡುತ್ತಿದ್ದರು, ನಾನು ನಮ್ಮ ಶಾಖೆಯ ಕೌಂಟರಿನಲ್ಲಿ ಫ್ಯಾನಿನ ಕೆಳಗೆ ತಣ್ಣಗೆ ಕೂತಿದ್ದೆ. ಪ್ರಮೋಷನ್ ಬಂದರೆ ವರ್ಗವಾಗುತ್ತದೆಂದು ಪರೀಕ್ಷೆಯನ್ನೇ ಬರೆಯದೆ ಜಾಣತನದಿಂದ ತಪ್ಪಿಸಿಕೊಂಡಿದ್ದೆ. ಬೆನ್ನಿಗೆ ಖೋ ಬಿತ್ತು. ಎದ್ದು ನೋಡಿದರೆ ಎದುರಿಗೆ ನಿಯಮದ ಪ್ರಕಾರ ಮೂವರು ರನ್ನರುಗಳು: ಮನೆ ಸಾಲ, ಕಾರಿನ ಸಾಲ, ಮಗನ ಕಾಲೇಜು ಫೀಸು. ಕಾರು ಮಾರಿ ಒಂದನ್ನು ಔಟ್ ಮಾಡಿದೆವು. ಉಳಿದ ಎರಡಕ್ಕಾಗಿ ಪರೀಕ್ಷೆ ಬರೆದೆ, ಪಾಸಾದೆ, ಈಗ ದಿನಾ ಬೆಳಿಗ್ಗೆ ನಂಜನಗೂಡಿನ ಬಸ್ಸಿನಲ್ಲಿ ನಿಂತಿರುತ್ತೇನೆ. ಇವರು ನನ್ನ ಜಾಗದಲ್ಲಿ, ಅಂದರೆ ಅಡುಗೆಮನೆಯಲ್ಲಿ, ಕೊರಳಿಗೆ ಸೀಟಿ ಹಾಕಿಕೊಂಡು ಸಾರು ಕುದಿಸುತ್ತಿರುತ್ತಾರೆ. ಖೋ ಖೋದ ಒಂದು ಟರ್ನ್ 9 ನಿಮಿಷ. ಬೇಳೆ, ಪಲ್ಯ, ಒಗ್ಗರಣೆ ಎಲ್ಲವೂ 9 ನಿಮಿಷದ ಟರ್ನುಗಳಲ್ಲೇ ನಡೆಯಬೇಕೆಂದು ಇವರ ಹಟ. ತೊಗರಿಬೇಳೆಗೆ ಈ ನಿಯಮ ಇನ್ನೂ ಅರ್ಥವಾಗಿಲ್ಲ.

ಇನ್ನು ಕೋಚಿಂಗ್. ಮೈಸೂರಿನ ಅಂಚಿನ ನಮ್ಮ ಬಡಾವಣೆಯ ಆಚೆ ಒಂದು ಹಳ್ಳಿಯ ಸರ್ಕಾರಿ ಶಾಲೆ. ಮೈದಾನವಿದೆ, ಪಿ.ಟಿ. ಮೇಷ್ಟ್ರಿಲ್ಲ. ಎಸ್‌ಡಿಎಂಸಿಯವರು ಕೂಡಲೇ ಒಪ್ಪಿದರು. ದುಡ್ಡು ಕೇಳದೆ ಬಂದವನನ್ನು ಬೇಡ ಅನ್ನುವಷ್ಟು ದಡ್ಡರು ಯಾವ ಸಮಿತಿಯಲ್ಲೂ ಇರುವುದಿಲ್ಲ. ಇವರು 27 ಮೀಟರ್ ಉದ್ದ, 16 ಮೀಟರ್ ಅಗಲ ಅಳೆದು ಸುಣ್ಣದ ಪುಡಿಯಲ್ಲಿ ಗೆರೆ ಎಳೆದರು. ಸುಣ್ಣ ಸಾಲದೆ ಹೋದ ದಿನ ನಮ್ಮತ್ತೆಯ ರಂಗೋಲಿ ಡಬ್ಬ ಖಾಲಿಯಾಗಿತ್ತು.

ಇವರು ಬಿಟ್ಟದ್ದು ಕೆಲಸವನ್ನು ಮಾತ್ರ. ಆಫೀಸು ಇವರ ಜೊತೆಗೇ ಮೈದಾನಕ್ಕೆ ಬಂತು. ಎಕ್ಸೆಲ್ ಹಾಳೆಯಲ್ಲಿ ಮಕ್ಕಳ ಹೆಸರು, ಯಾರು ಎಷ್ಟು ಹೊತ್ತು ಸಿಕ್ಕಿಬೀಳದೆ ಓಡಿದರು ಎಂಬುದಕ್ಕೆ ಕೆಂಪು, ಹಳದಿ, ಹಸಿರು ಬಣ್ಣ. ಇಬ್ಬರು ಮಕ್ಕಳಿಗೆ ಸೀತಾಳೆ ಸಿಡುಬು ಬಂದ ದಿನ ಮನೆಗೆ ಬಂದು, "ಎರಡು ರಿಸೋರ್ಸ್ ಕಡಿಮೆಯಾಯ್ತು" ಅಂದರು. ದಸರಾ ರಜೆಗೆ ಮೊದಲು ಎಲ್ಲರಿಗೂ ಅಪ್ರೈಸಲ್ ನಡೆಯಿತು. ಆರನೇ ತರಗತಿಯ ಒಬ್ಬನ ನೋಟ್‌ಬುಕ್ಕಿನಲ್ಲಿ 'ಇನ್ನೂ ಓನರ್‌ಶಿಪ್ ತೆಗೆದುಕೊಳ್ಳಬೇಕು' ಎಂದು ಬರೆದು ಕಳಿಸಿದ್ದಾರೆ. ಸಂಜೆ ಅವನಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಗಾಬರಿಯಿಂದ ಬಂದರು. "ಓನರ್‌ಶಿಪ್ಪು ಅಂದ್ರೆ ಯಾವ ಸೈಟಿಂದು ಸಾರ್? ನಾವು ಅಣ್ಣತಮ್ಮಂದಿರು ಇನ್ನೂ ಭಾಗ ಆಗಿಲ್ಲವಲ್ಲ."

ಫೀಸು ತಿಂಗಳಿಗೆ 200 ರೂಪಾಯಿ ಎಂದು ಬೋರ್ಡು ಬರೆಸಿದ್ದೇನೋ ನಿಜ. ಬಂದದ್ದು ನುಗ್ಗೆಕಾಯಿ, ಅವರೆಕಾಯಿ, ಒಂದು ಕುಂಬಳಕಾಯಿ, ಮತ್ತೆ ಒಮ್ಮೆ ಜೀವಂತ ನಾಟಿಕೋಳಿ. ಸಸ್ಯಾಹಾರಿಗಳಾದ ನಾವು ಅದನ್ನು ಏನು ಮಾಡಬೇಕೆಂದು ತಿಳಿಯದೆ ಹಿತ್ತಲಿಗೆ ಬಿಟ್ಟೆವು. ಅದು ಈಗ ನಮ್ಮ ಮನೆಯ ಖಾಯಂ ಸದಸ್ಯೆ. ಅದು ಮಾತ್ರ ಇವರ ಯಾವ ಮಾತಿಗೂ ಕಿವಿಗೊಡುವುದಿಲ್ಲ.

ಇವರ ನಿಜವಾದ ಕಷ್ಟ ಬೇರೆ ಇತ್ತು. ಯಾವ ಟೂರ್ನಿಗೆ ಹೋದರೂ ಉಳಿದ ಮೇಷ್ಟ್ರುಗಳು ಕೇಳುವ ಮೊದಲ ಪ್ರಶ್ನೆ, "ಎನ್‌ಐಎಸ್ ಆಗಿದ್ಯಾ ಸಾರ್?" ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆ, 1961ರಲ್ಲಿ ಶುರುವಾದದ್ದು, ಅಲ್ಲಿನ ಮಹಾರಾಜರ ಮೋತಿಬಾಗ್ ಅರಮನೆಯಲ್ಲಿದೆ. ಮೈಸೂರಿನವರಿಗೆ ಅರಮನೆಯ ಭಯವೇನೂ ಇಲ್ಲ, ಆದರೆ ಆ ಮೂರಕ್ಷರ ಹೆಸರಿನ ಮುಂದೆ ಇಲ್ಲದವನು ಕೋಚುಗಳ ಪಂಕ್ತಿಯಲ್ಲಿ ಕಡೆಯ ಎಲೆಗೇ ಕೂರಬೇಕು. ಕಂಪನಿಯಲ್ಲಿ ಇಂಗ್ಲಿಷಿನಲ್ಲಿ ಅಮೆರಿಕದವರಿಗೇ ಬುದ್ಧಿ ಹೇಳುತ್ತಿದ್ದ ಮನುಷ್ಯ ಇಲ್ಲಿ ಹೋಬಳಿ ಮಟ್ಟದಲ್ಲಿ, "ಇಲ್ಲ ಸಾರ್, ಆರು ವಾರದ ಕೋರ್ಸಿಗೆ ಅರ್ಜಿ ಹಾಕಬೇಕು" ಎಂದು ಕೈ ಹೊಸಕುವುದನ್ನು ನೋಡಬೇಕು. ನನಗೆ ಸ್ವಲ್ಪ ಖುಷಿಯೇ ಆಯಿತೆಂದು ಹೇಳಿದರೆ ಪಾಪ ಬರುತ್ತದೆಯೇ?

ಇಸ್ತ್ರಿಯ ಕತೆ ಹೇಳದಿದ್ದರೆ ಇದು ಪೂರ್ತಿಯಾಗುವುದಿಲ್ಲ. ನಮ್ಮ ಬೀದಿ ತುದಿಯ ಇಸ್ತ್ರಿ ಗಾಡಿಯವರ ಮಗಳು ಏಳನೇ ತರಗತಿ. ಒಂದು ಸಂಜೆ ನಮ್ಮ ಬಟ್ಟೆ ಗಂಟು ಹೊತ್ತು ಬರುವಾಗ ಬೀದಿನಾಯಿ ಅಟ್ಟಿಸಿಕೊಂಡು ಬಂತು. ಹುಡುಗಿ ಗಂಟು ಬೀಳಿಸಲಿಲ್ಲ. ಎಡಕ್ಕೆ ಹೋಗುವಂತೆ ತೋರಿಸಿ ನಾಯಿಯನ್ನು ಆ ಕಡೆ ಕಳಿಸಿದಳು, ತಾನು ಬಲಕ್ಕೆ ಹೊರಳಿದಳು, ಲೈಟು ಕಂಬ ಹಿಡಿದು ಗಿರ್ರನೆ ತಿರುಗಿ ನಮ್ಮ ಗೇಟಿನೊಳಗೆ ಬಂದು ನಿಂತಳು. "ಅಯ್ಯೋ ಮಗೂ!" ಎಂದು ಓಡಿದವಳು ನಾನು. ಇವರು ಜಗಲಿಯಲ್ಲೇ ನಿಂತು, "ಪೋಲ್ ಟರ್ನ್ ನೋಡಿದ್ಯಾ!" ಎಂದು ಕೂಗಿದರು.

ಹುಡುಗಿಯ ಅಪ್ಪ ಒಪ್ಪಲಿಲ್ಲ. "ಸಂಜೆ ಹೊತ್ತು ಗಿರಾಕಿ ಜಾಸ್ತಿ ಸಾರ್. ಇವಳು ಆಡೋಕೆ ಬಂದ್ರೆ ಬಟ್ಟೆ ಕೊಟ್ಟು ಬರೋರು ಯಾರು, ನಾನು ಊಟಕ್ಕೆ ಎದ್ರೆ ಪೆಟ್ಟಿಗೆ ಹಿಡಿಯೋರು ಯಾರು?" ಇದಕ್ಕೆ ಉತ್ತರ ಯಾವ ಎಕ್ಸೆಲ್ ಹಾಳೆಯಲ್ಲೂ ಇರಲಿಲ್ಲ. ಕೊನೆಗೆ ಒಪ್ಪಂದವಾಯಿತು. ಉಳಿದ ಮಕ್ಕಳ ಪ್ರಾಕ್ಟೀಸ್ ಬೆಳಿಗ್ಗೆ ಶಾಲೆಗೆ ಮೊದಲು ನಡೆಯಬೇಕು, ಹುಡುಗಿಯೂ ಅದಕ್ಕೆ ಬರಬೇಕು. ಬೆಳಿಗ್ಗೆ ಅವಳು ಮಾಡುತ್ತಿದ್ದ ಮನೆಕೆಲಸ ಸಂಜೆಗೆ ಹೋಗಬೇಕು. ಸಂಜೆ ಗಾಡಿಯ ಹತ್ತಿರ ಅವಳ ಬದಲು ಇವರು ನಿಲ್ಲಬೇಕು.

ಹೀಗೆ ನಮ್ಮ ಯಜಮಾನರು ಇದ್ದಿಲಿನ ಇಸ್ತ್ರಿಪೆಟ್ಟಿಗೆ ಹಿಡಿದರು. ಮದುವೆಯಾದಂದಿನಿಂದ ಒಂದು ಕರ್ಚೀಫಿಗೂ ಇಸ್ತ್ರಿ ಹಾಕಿದವರಲ್ಲ. ಮೊದಮೊದಲು ಗಾಡಿಯವರು ಸಾರ್, ಸಾರ್ ಎನ್ನುತ್ತಲೇ ನಿಧಾನಕ್ಕೆ ಕೋಚಾದರು. "ಕಾಲರ್ ಮೊದಲು ಸಾರ್, ಆಮೇಲೆ ತೋಳು. ಎಷ್ಟ್ ಸಲ ಹೇಳೋದು? ನೀರು ಚಿಮುಕಿಸಿ. ಅಷ್ಟಲ್ಲ, ಅದೇನು ಸಸಿಗೆ ಹಾಕ್ತಾ ಇದೀರಾ?" ಇವರು ತಲೆ ತಗ್ಗಿಸಿ ಕಲಿತರು. ಆ ತಾಳ್ಮೆಯನ್ನು ನಾನು ಮನೆಯಲ್ಲಿ ಕಂಡಿದ್ದಿಲ್ಲ.

ಒಂದು ಸಂಜೆ ಹಳೇ ಟೀಮಿನ ಹುಡುಗನೊಬ್ಬ ಬೈಕಿನಲ್ಲಿ ಬಂದು ಬಟ್ಟೆ ಚೀಲ ಇಟ್ಟ. ತಲೆ ಎತ್ತಿ ನೋಡಿದರೆ ಎದುರಿಗೆ ತನಗೆ ರೇಟಿಂಗ್ ಕೊಡುತ್ತಿದ್ದ ಮ್ಯಾನೇಜರು, ಕೈಯಲ್ಲಿ ಕೆಂಡದ ಪೆಟ್ಟಿಗೆ. ನಮ್ಮ ಸಂಬಂಧಿಕರಾಗಿದ್ದರೆ ಕಣ್ಣೀರು ಹಾಕುತ್ತಿದ್ದರು. ಆದರೆ ಸಾಫ್ಟ್‌ವೇರ್ ಜನರ ಆಶಾವಾದವೇ ಬೇರೆ. ಆ ಹುಡುಗ ಗಾಡಿಯನ್ನು ಸುತ್ತಲೂ ನೋಡಿ, ಗೌರವದಿಂದ, "ಲಾಂಡ್ರಿ ಸ್ಟಾರ್ಟಪ್ಪಾ ಸಾರ್? ಫಂಡಿಂಗ್ ಆಯ್ತಾ?" ಅಂದನಂತೆ. ವಾರದೊಳಗೆ ಆಫೀಸಿನಲ್ಲೆಲ್ಲ ಸುದ್ದಿ ಹರಡಿತು. ಹೂಡಿಕೆ ಮಾಡಬಹುದೇ ಎಂದು ಇಬ್ಬರು ಫೋನ್ ಮಾಡಿದರು. ಇವರು ಇಬ್ಬರಿಂದಲೂ ಒಂದೊಂದು ಜೊತೆ ಹೊಸ ಕಂಬಕ್ಕೆ ದುಡ್ಡು ಹಾಕಿಸಿಕೊಂಡರು.

ಇಷ್ಟರಲ್ಲಿ ನಮ್ಮತ್ತೆ ಪಕ್ಷ ಬದಲಿಸಿದ್ದರು. ರಂಗೋಲಿ ಪುಡಿ ಎಲ್ಲಿ ಹೋಗುತ್ತಿದೆ ಎಂದು ಪತ್ತೆ ಹಚ್ಚಲು ಒಂದು ಬೆಳಿಗ್ಗೆ ಮೈದಾನಕ್ಕೆ ಹೋದವರು, ಪ್ರಾಕ್ಟೀಸ್ ಮುಗಿಯುವವರೆಗೆ ಅಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರಂತೆ. ಮಿಡ್ಲ್ ಸ್ಕೂಲಿನಲ್ಲಿ ಲಂಗ ಎತ್ತಿ ಕಟ್ಟಿ ತಾವೂ ಆಡಿದ್ದು ಆಗ ಹೊರಬಂತು. ಮರುದಿನದಿಂದ ಅವರಿಗೂ ಒಂದು ಸೀಟಿ. ಬೆನ್ನು ಮುಟ್ಟುವುದೂ 'ಖೋ' ಅನ್ನುವುದೂ ಒಟ್ಟಿಗೆ ಆಗದಿದ್ದರೆ, ಖೋ ಬೀಳುವ ಮೊದಲೇ ಯಾರಾದರೂ ಎದ್ದರೆ, ಇವರು ನೋಡುವ ಮೊದಲೇ ಅವರ ಸೀಟಿ ಊದಿರುತ್ತದೆ. ಒಂದು ಕಿವಿಗೆ ಮಿಷನ್ ಹಾಕಿಕೊಂಡವರಿಗೆ ಇದು ಹೇಗೆ ಕೇಳುತ್ತದೋ ದೇವರೇ ಬಲ್ಲ. ಮನೆಯಲ್ಲಿ ಕುಕ್ಕರ್ ಕೂಗಿದರೆ ಕೇಳುವುದಿಲ್ಲ.

ಹೋಬಳಿ ಮಟ್ಟದ ಪಂದ್ಯಕ್ಕೆ ನಾನೂ ಅರ್ಧ ದಿನ ರಜೆ ಹಾಕಿ ಹೋದೆ. ಸೆಮಿಫೈನಲ್ಲು. ಇಸ್ತ್ರಿ ಗಾಡಿ ಮುಚ್ಚಿ ಹುಡುಗಿಯ ಅಪ್ಪನೂ ಬಂದಿದ್ದರು. ತಂಡದ ಸಮವಸ್ತ್ರಕ್ಕೆ ಅವರೇ ಹಾಕಿದ ಗರಿಗರಿ ಇಸ್ತ್ರಿ ನೋಡಿ ಎದುರಾಳಿಗಳು ಒಂದು ಕ್ಷಣ ಹೆದರಿದಂತೆಯೇ ಕಂಡಿತು. ಹುಡುಗಿ ಮೂವರು ಚೇಸರುಗಳನ್ನು ನಾಯಿ ಆಡಿಸಿದ ಹಾಗೇ ಆಡಿಸಿದಳು. ಕೊನೆಯ ಟರ್ನಿನಲ್ಲಿ ನಮ್ಮವಳೊಬ್ಬಳು ಖೋ ಬೀಳುವ ಮೊದಲೇ ಎದ್ದಳೆಂದು ಅಂಪೈರ್ ಫೌಲ್ ಊದಿದರು. ಇವರು ಗೆರೆಯಾಚೆ ಕೈ ಹೊಸಕುತ್ತ ನಿಂತರು. ಮೈದಾನದೊಳಗೆ ನುಗ್ಗಿದವರು ನಮ್ಮತ್ತೆ.

"ಖೋ ಬಿತ್ತು ಕಣಯ್ಯಾ! ನನಗೆ ಕೇಳಿಸ್ತು, ನಿನಗ್ಯಾಕೆ ಕೇಳಿಸ್ಲಿಲ್ಲ? ಅವಳ ಮಂಡಿ ನೆಲದ ಮೇಲಿತ್ತು, ಕೈ ಬೆನ್ನಿಗೆ ತಾಗಿತ್ತು. ಯಾವ ನಿಯಮದಲ್ಲಿ ಫೌಲು, ಹೇಳು ನೋಡೋಣ?"

ಅಂಪೈರ್ ಒಂದು ಹೆಜ್ಜೆ ಹಿಂದೆ ಸರಿದರು. ಸೀಟಿ ಕೊರಳಲ್ಲಿ, ಸೆರಗು ಸೊಂಟದಲ್ಲಿ, ಮಾತಿನಲ್ಲಿ ನಿಯಮಾವಳಿ. ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದ ಯಾರೋ ಇರಬೇಕೆಂದುಕೊಂಡರೋ ಏನೋ, ದನಿ ತಗ್ಗಿಸಿ ಕೇಳಿದರು, "ಅಮ್ಮ, ನಿಮಗೆ ಎನ್‌ಐಎಸ್ ಇದೆಯಾ?"

"ಇಲ್ಲಪ್ಪ," ಅಂದರು ನಮ್ಮತ್ತೆ, "ಬಿ.ಪಿ., ಶುಗರ್ ಎರಡೇ."